ಕೈಚೆಲ್ಲಿದ ಮೇಲೂ ಕಲಿಯಬಹುದಾದದ್ದು

‘ನಮ್ಮಿಂದ ಏನಾದೀತು?’ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಹವಾಮಾನ, ರಾಜಕಾರಣ, ಉದ್ಯೋಗ, ಯಾವ ವಿಷಯವನ್ನೆತ್ತಿದರೂ ಚರ್ಚೆ ಆ ಪ್ರಶ್ನೆಗೇ ಬಂದು ನಿಲ್ಲುತ್ತದೆ. ನಿಂತ ಮರುಕ್ಷಣವೇ ಕೈ ಫೋನಿನತ್ತ ಹೋಗುತ್ತದೆ. ಈ ಹತಾಶೆ ಮತ್ತು ಈ ಚಟ ಒಂದನ್ನೊಂದು ಸಾಕುತ್ತಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಪ್ಪಿಸಿಕೊಳ್ಳಲಾಗದ ವಿದ್ಯುತ್ ಆಘಾತಗಳನ್ನು ಅನುಭವಿಸಿದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಪಾರಾಗುವ ದಾರಿಯಿದ್ದಾಗಲೂ ಪ್ರಯತ್ನಿಸದೆ ಬಿದ್ದುಕೊಂಡಿದ್ದವು. ಅಸಹಾಯಕತೆಯೆಂಬುದು ಅನುಭವದಿಂದ ಕಲಿತದ್ದು ಎಂದು ದಶಕಗಳ ಕಾಲ ಇದನ್ನು ಅರ್ಥೈಸಲಾಯಿತು. ಆದರೆ 2016ರಲ್ಲಿ ಅದೇ ಇಬ್ಬರು, ಮಿದುಳಿನ ಕುರಿತ ಸಂಶೋಧನೆಗಳನ್ನು ಮುಂದಿಟ್ಟುಕೊಂಡು, ತಮ್ಮ ವಿವರಣೆಯನ್ನೇ ತಿರುವಿಹಾಕಿದರು: ದೀರ್ಘಕಾಲದ ಸಂಕಷ್ಟದಲ್ಲಿ ಕೈಚೆಲ್ಲುವುದು ಜೀವಿಯ ಸಹಜ ಪ್ರತಿಕ್ರಿಯೆ, ಕಲಿಯಬೇಕಾದದ್ದು, ತನ್ನ ಕ್ರಿಯೆಯಿಂದ ಪರಿಸ್ಥಿತಿ ಬದಲಾಗುತ್ತದೆ ಎಂಬುದನ್ನು. ನನಗೆ ಇದಕ್ಕಿಂತ ಧೈರ್ಯ ಕೊಡುವ ವಿಚಾರ ಇನ್ನೊಂದು ಸಿಕ್ಕಿಲ್ಲ. ಹತಾಶರಾಗಿರುವುದು ನಮ್ಮ ದೋಷವಲ್ಲ ಎಂದಾದರೆ, ಅದಕ್ಕಾಗಿ ಯಾರನ್ನೂ ಹಳಿಯುವ ಅಗತ್ಯವೂ ಇಲ್ಲ. ಆದರೆ ಈ ಕಲಿಕೆ ಉಪದೇಶದಿಂದ ಬರುವಂಥದ್ದಲ್ಲ. ಆತ್ಮವಿಶ್ವಾಸಕ್ಕೆ ಎಲ್ಲಕ್ಕಿಂತ ಬಲವಾದ ಮೂಲ ಸ್ವತಃ ಮಾಡಿ ಸಾಧಿಸಿದ ಅನುಭವವೇ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ವಾದಿಸಿದ್ದರು.

ಫೋನು ತಪ್ಪಿಸುವುದು ಈ ಅನುಭವವನ್ನೇ. 2006ರಲ್ಲಿ ತಂತ್ರಾಂಶ ವಿನ್ಯಾಸಕ ಏಜಾ ರಾಸ್ಕಿನ್ ರೂಪಿಸಿದ, ಕೊನೆಯೇ ಇಲ್ಲದೆ ಸರಿಯುತ್ತ ಹೋಗುವ ಪುಟವು, ಹಿಂದೆ ಪುಟ ಮುಗಿದಾಗ ‘ಇಷ್ಟು ಸಾಕೇ, ಇನ್ನೂ ಬೇಕೇ’ ಎಂದು ನಿರ್ಧರಿಸಲು ಸಿಗುತ್ತಿದ್ದ ಬಿಡುವನ್ನು ಇಲ್ಲವಾಗಿಸಿತು. ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಬೀದಿದೀಪ ಕೆಟ್ಟಿದೆಯೆಂದು ಯಾರೋ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಕೋಪದ ಮುಖಗಳು ಸಾಲುಗಟ್ಟುತ್ತವೆ, ಒಬ್ಬರು ವ್ಯವಸ್ಥೆಯನ್ನು ಶಪಿಸುತ್ತಾರೆ, ಮತ್ತೊಬ್ಬರು ಹಳೆಯ ದೂರನ್ನು ನೆನಪಿಸುತ್ತಾರೆ. ಏನೋ ಮಾಡಿದೆವೆಂಬ ತೃಪ್ತಿ ಎಲ್ಲರಿಗೂ ಸಿಗುತ್ತದೆ, ದೀಪ ಮಾತ್ರ ಉರಿಯುವುದಿಲ್ಲ, ಮತ್ತು ಅದು ಉರಿಯದಿದ್ದುದೇ ‘ಏನಾದೀತು’ ಎಂಬುದಕ್ಕೆ ಹೊಸ ಸಾಕ್ಷಿಯಾಗುತ್ತದೆ.

ನೋಟಿಫಿಕೇಶನ್‌ಗಳನ್ನು ನಿಲ್ಲಿಸುವುದು ಒಳ್ಳೆಯದೇ. ಆದರೆ ತೆರವಾದ ಹೊತ್ತಿನಲ್ಲಿ ಕಣ್ಣಿಗೆ ಕಾಣುವ ಕೆಲಸವೊಂದು ಇಲ್ಲದಿದ್ದರೆ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ಆ ಕೆಲಸ ನಾಲ್ಕು ಜನರೊಡನೆ ಕೂಡಿ ಮಾಡುವಂಥದ್ದಾದರೆ ಇನ್ನೂ ಉತ್ತಮ. ಸಮಾಜಶಾಸ್ತ್ರಜ್ಞ ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು ಷಿಕಾಗೋದ 343 ವಸತಿ ಪ್ರದೇಶಗಳನ್ನು ಅಧ್ಯಯನ ಮಾಡಿ 1997ರಲ್ಲಿ ತಿಳಿಸಿದಂತೆ, ನೆರೆಹೊರೆಯವರು ಪರಸ್ಪರ ನಂಬುವ, ಅಗತ್ಯ ಬಿದ್ದಾಗ ಮುಂದೆ ಬರುವ ಕಡೆಗಳಲ್ಲಿ, ಬಡತನದ ಪ್ರಭಾವವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಹಿಂಸೆ ಕಡಿಮೆಯಿತ್ತು. ಅಂಥ ನಂಬಿಕೆ ಹುಟ್ಟುವುದು ಜೊತೆಗೆ ಹೋಗಿ ದೂರು ಕೊಟ್ಟು, ಅದರ ಸಂಖ್ಯೆ ಬರೆದುಕೊಂಡು, ಕೆಲಸವಾಗುವವರೆಗೆ ಬೆನ್ನುಹತ್ತಿದಾಗ ಎಂದು ನಾನು ತಿಳಿಯುತ್ತೇನೆ. ಅದಕ್ಕೆ ಅದೇ ವಾಟ್ಸಾಪ್ ಗುಂಪೂ ನೆರವಾಗಬಲ್ಲದು: ‘ಶನಿವಾರ ಬೆಳಿಗ್ಗೆ ಕಚೇರಿಗೆ ಹೋಗುತ್ತಿದ್ದೇನೆ, ಜೊತೆಗೆ ಯಾರು ಬರುತ್ತೀರಿ?’ ಎಂದು ಒಬ್ಬರು ಬರೆದರೆ ಸಾಕು.