ಎಲ್ಲರೂ ಬೇಗ ಒಪ್ಪಿದರೆ ನನಗೆ ಅನುಮಾನ

ಮೈಸೂರಿನ ಹೂಟಗಳ್ಳಿ ಕಡೆ ನಮ್ಮ ಆಫೀಸು. ನಮ್ಮ ಕೆಲಸ ಏನು ಅಂತ ಮನೆಯವರಿಗೆ ವಿವರಿಸುವುದೇ ಕಷ್ಟ. ಹಣ ಮಂಜೂರಾದ ಆರೋಗ್ಯ ಸಂಶೋಧನೆಗಳ ಸಾರಾಂಶ ಓದಿ, ಒಂದೊಂದಕ್ಕೂ ಕೋಡ್ ಹಾಕುತ್ತೇವೆ. ಯಾವ ಕಾಯಿಲೆಗೆ, ಯಾವ ಬಗೆಯ ಸಂಶೋಧನೆಗೆ ಎಷ್ಟು ಹಣ ಹೋಗುತ್ತಿದೆ ಅನ್ನುವ ಲೆಕ್ಕ ಅದರಿಂದ ಸಿಗುತ್ತದೆ. ಬಳಸುವುದು ಬ್ರಿಟನ್ನಿನ ಎಚ್‌ಆರ್‌ಸಿಎಸ್ (ಹೆಲ್ತ್ ರಿಸರ್ಚ್ ಕ್ಲಾಸಿಫಿಕೇಶನ್ ಸಿಸ್ಟಮ್) ಪದ್ಧತಿ. ಕಾಯಿಲೆಗೆ 21 ವಿಭಾಗ, ಸಂಶೋಧನೆಯ ಬಗೆಗೆ 8 ಗುಂಪುಗಳಲ್ಲಿ 48 ಕೋಡ್. ಹೊಸಬರಿಗೆ ಕಲಿಸುವುದು ನನ್ನ ಪಾಲಿಗೆ ಬಂದಿದೆ.

ಬರುವವರು ಹೆಚ್ಚಾಗಿ ಬಿ.ಫಾರ್ಮ್, ಬಯೋಕೆಮಿಸ್ಟ್ರಿ ಓದಿದವರು. ಮಂಡ್ಯದಿಂದ ಬೆಳಗಿನ ರೈಲಿಗೆ ಬರುವವರೂ ಇದ್ದಾರೆ. ರಕ್ತದ ಕ್ಯಾನ್ಸರ್ ಕ್ಯಾನ್ಸರ್ ವಿಭಾಗಕ್ಕೇ ಹೋಗಬೇಕು, ಸ್ಟ್ರೋಕ್‌ಗೆ ಬೇರೆಯೇ ವಿಭಾಗ ಇದೆ, ಕುಡಿತದ ಚಟ ಮಾನಸಿಕ ಆರೋಗ್ಯಕ್ಕೆ ಸೇರುತ್ತದೆ. ಇವೆಲ್ಲ ಬೇಗ ಬಾಯಿಗೆ ಬರುತ್ತವೆ.

ಕಾಟ ಕೊಡುವುದು ಅವರ ಜಾಣತನ. ಅಭ್ಯಾಸಕ್ಕೆ ನಾನೇ ಕಟ್ಟಿದ ಒಂದು ಸಾರಾಂಶ ಇದೆ. ಮಂಡ್ಯದ ಕಬ್ಬಿನ ಗದ್ದೆಯ ಕೂಲಿಯವರಲ್ಲಿ ಎಷ್ಟು ಜನಕ್ಕೆ ಕಿಡ್ನಿ ತೊಂದರೆ ಇದೆ, ಬಿಸಿಲಿಗೂ ಅದಕ್ಕೂ ಸಂಬಂಧ ಇದೆಯಾ ಅಂತ ನೋಡುವ ಅಧ್ಯಯನ. ಎಷ್ಟು ಜನಕ್ಕಿದೆ ಅನ್ನುವುದಕ್ಕೆ ಕೋಡ್ 2.4, ಬಿಸಿಲಿನ ಪ್ರಶ್ನೆಗೆ 2.2. ಆದರೆ ಯಾರಾದರೂ ಒಬ್ಬರು ಮೂರನೇ ಗುಂಪಿನ ಕೋಡ್, ಅಂದರೆ ತಡೆಗಟ್ಟುವಿಕೆ, ಹಾಕಿಯೇ ಇರುತ್ತಾರೆ.

‘ನೆರಳು, ನೀರು ಕೊಟ್ರೆ ತಡೀಬಹುದು ಅಲ್ವಾ ಮೇಡಂ?’

ತಡೆಯಬಹುದೇನೋ. ಆದರೆ ಈ ಅಧ್ಯಯನದಲ್ಲಿ ಯಾರೂ ನೆರಳು ಮಾಡಿಕೊಡುತ್ತಿಲ್ಲ. ಔಷಧದ ವಿಷಯದಲ್ಲೂ ಇದೇ ಕಥೆ. ಇಲಿಯ ಮೇಲೆ ಪರೀಕ್ಷೆ ಆದರೆ 5.1, ರೋಗಿಗಳ ಮೇಲೆ ಆದರೆ 6.1. ಸಾರಾಂಶದ ಕೊನೆಯಲ್ಲಿ ‘ಇದರಿಂದ ಲಕ್ಷಾಂತರ ರೋಗಿಗಳಿಗೆ ಅನುಕೂಲ’ ಅಂತ ಇದ್ದರೆ ಹೊಸಬರ ಕೈ 6.1ರ ಕಡೆ ಹೋಗುತ್ತದೆ. ಆ ಸಾಲು ಇರುವುದು ಹಣ ಕೊಡುವವರ ಮನಸ್ಸು ಕರಗಿಸಲು. ಈ ಹಣದಲ್ಲಿ, ಈ ಅವಧಿಯಲ್ಲಿ ಏನು ಮಾಡುತ್ತಾರೋ ಅದಕ್ಕಷ್ಟೇ ಕೋಡ್.

ಹಾಗಾಗಿ ಕೋಡ್ ಜೊತೆಗೆ ಒಂದು ಸಾಲನ್ನೂ ಕೇಳುತ್ತೇನೆ: ಯಾವ ವಾಕ್ಯ ನೋಡಿ ಈ ಕೋಡ್ ಹಾಕಿದಿರಿ, ಅದಕ್ಕೆ ಗೆರೆ ಎಳೆಯಿರಿ. ಗೆರೆ ಎಳೆಯಲು ವಾಕ್ಯವೇ ಸಿಗದಿದ್ದರೆ ಆ ಕೋಡ್ ತಲೆಯಿಂದ ಬಂದದ್ದು. ಯಾರೂ ಹೇಳಬೇಕಿಲ್ಲ, ಅವರೇ ಅಳಿಸುತ್ತಾರೆ.

ಇನ್ನೊಂದು, ಎಲ್ಲರೂ ಬೇರೆ ಬೇರೆ ಕೂತು ಕೋಡ್ ಹಾಕಬೇಕು. ಮಾತು ಆಮೇಲೆ. ಮೊದಲೇ ಚರ್ಚೆಗೆ ಬಿಟ್ಟರೆ ಸೀನಿಯರ್ ಹೇಳಿದ್ದಕ್ಕೆ ಎಲ್ಲರೂ ‘ಹೌದು ಸಾರ್’ ಅನ್ನುತ್ತಾರೆ. ನಮ್ಮ ಕಡೆ ದೊಡ್ಡವರ ಮಾತಿಗೆ ಎದುರಾಡುವುದು ಸುಲಭ ಅಲ್ಲ. ಚರ್ಚೆಯಲ್ಲೂ ತೀರಾ ಹೊಸಬರು ಮೊದಲು ಬಾಯಿ ಬಿಡಬೇಕು ಅಂತ ನಿಯಮ ಮಾಡಿದ್ದೇನೆ. ಸೀನಿಯರ್‌ಗಳಿಗೆ ಇದು ಅಷ್ಟಾಗಿ ಹಿಡಿಸಿಲ್ಲ, ಇರಲಿ.

ಇಬ್ಬರು ಹಾಕಿದ ಕೋಡ್ ಎಷ್ಟು ಸಲ ಒಂದೇ ಆಯಿತು ಅನ್ನುವ ಒಪ್ಪಿಗೆಯನ್ನು ಶೇಕಡಾ ಲೆಕ್ಕದಲ್ಲಿ ತೋರಿಸಿದರೆ ಮೇಲಿನವರಿಗೆ ಖುಷಿ. ನಾನು ಕಪ್ಪಾ ನೋಡುತ್ತೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಅಳತೆ ಇದು; ಆಕಸ್ಮಿಕವಾಗಿ ಬರುವ ಒಪ್ಪಿಗೆಯನ್ನು ಬದಿಗಿಟ್ಟು ಲೆಕ್ಕ ಹಾಕುತ್ತದೆ, ಪೂರ್ತಿ ಒಪ್ಪಿದರೆ 1. ನೂರು ಸಾರಾಂಶಗಳಲ್ಲಿ ಇಬ್ಬರೂ 80ಕ್ಕೆ ‘ಕ್ಯಾನ್ಸರ್’ ಅಂತ ಹಾಕಿದ್ದಾರೆ ಅಂದುಕೊಳ್ಳಿ. ಅಷ್ಟೇ ಪ್ರಮಾಣದಲ್ಲಿ ಕಣ್ಣು ಮುಚ್ಚಿಕೊಂಡು ಹಾಕಿದರೂ ಸುಮಾರು 68ರಲ್ಲಿ ಇಬ್ಬರದೂ ಒಂದೇ ಉತ್ತರ ಆಗಿರುತ್ತದೆ. ಹಾಗಿರುವಾಗ ಶೇ. 80 ಒಪ್ಪಿಗೆ ಬಂದರೂ ಕಪ್ಪಾ 0.4 ಕೂಡ ಮುಟ್ಟುವುದಿಲ್ಲ.

ಜಗಳ ಬಿದ್ದ ಸಾರಾಂಶಗಳಿಗೆ ಒಂದು ಹಾಳೆ ಇಟ್ಟಿದ್ದೇವೆ: ತೀರ್ಮಾನ, ಕಾರಣ, ತಾರೀಖು. ಕಾರಣದ ಕಾಲಂ ಖಾಲಿ ಬಿಟ್ಟರೆ ಆರು ತಿಂಗಳ ಮೇಲೆ ಅದೇ ಜಗಳ ಮತ್ತೆ ಶುರು. ಕೆಲವು ಸಾರಾಂಶಗಳು ಎಷ್ಟು ಕೆಟ್ಟದಾಗಿ ಬರೆದಿರುತ್ತವೆ ಅಂದರೆ ಏನು ಮಾಡುತ್ತಾರೆ ಅನ್ನುವುದೇ ಗೊತ್ತಾಗುವುದಿಲ್ಲ. ಅಂಥವನ್ನು ಎಳೆದಾಡದೆ ಮೂರನೆಯವರಿಗೆ ಕಳಿಸಿ ಮುಗಿಸುತ್ತೇವೆ. ಆಗಾಗ ಹಳೆಯ ಸಾರಾಂಶಗಳನ್ನು ಹೆಸರಿಲ್ಲದೆ ಹೊಸದರ ಜೊತೆ ಸೇರಿಸಿ ಕೊಡುತ್ತೇನೆ. ಪಳಗಿದವರೂ ತಮ್ಮದೇ ಹಳೆಯ ಕೋಡ್ ಬದಲಿಸಿರುತ್ತಾರೆ. ಯಾವ ವಿಭಾಗದಲ್ಲಿ ಹಾಗೆ ಜಾಸ್ತಿ ಆಗಿದೆಯೋ, ಮುಂದಿನ ತರಬೇತಿ ಅದರ ಮೇಲೆ.