ಅಸ್ತ್ರ ಒಲೆ ಇದ್ದವರಿಗೆ

ಗ್ಯಾಸ್ ಇದ್ದರೂ ನಮ್ಮನೆಯಲ್ಲಿ ಅಸ್ತ್ರ ಒಲೆ ದಿನಾ ಉರಿಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದವರು ರೂಪಿಸಿದ ಸೌದೆ ಒಲೆ ಇದು. ಸೌದೆಯ ಕೆಳಗೆ ಜಾಲರಿ, ಅದರಿಂದ ಗಾಳಿ ಮೇಲೇರಿ ಉರಿ ಚೆನ್ನಾಗಿ ಹತ್ತುತ್ತೆ, ಆ ಬಿಸಿ ಮೂರು ಪಾತ್ರೆಗಳ ಅಡಿ ದಾಟಿಕೊಂಡು ಹೋಗಿ ಕೊನೆಗೆ ಹೊಗೆ ಕೊಳವೆ ಹಿಡಿದು ಸೂರಿನಾಚೆ ಹೋಗುತ್ತೆ.

ಕಟ್ಟಿಸುವಾಗ ನಿಮ್ಮ ಪಾತ್ರೆಗಳನ್ನೇ ಅಳತೆಗೆ ಕೊಡಿ. ಪಾತ್ರೆ ಒಲೆಯ ಬಾಯಿಗೆ ಬಿಗಿಯಾಗಿ ಕೂರಬೇಕು, ಸಂದು ಬಿಟ್ಟರೆ ಹೊಗೆಯೆಲ್ಲ ಅಡುಗೆಮನೆಗೇ ಅಲ್ವಾ?

ಆಮೇಲೆ ಮಸಿ. ಉದ್ದ ಕೋಲಿಗೆ ಗೋಣಿ ತುಂಡು ಕಟ್ಟಿ ಕೊಳವೆಯೊಳಗೆ ಆಡಿಸಿದರೆ ಕರಿ ಪುಡಿ ದಪದಪ ಉದುರುತ್ತೆ. ಮೂರನೇ ಪಾತ್ರೆಯ ಕೆಳಗೂ ಜಾಸ್ತಿ ಕೂತಿರುತ್ತೆ, ಒಲೆ ಆರಿ ತಣ್ಣಗಾದ ಮೇಲೆ ಅಲ್ಲೂ ಕೈ ಹಾಕಿ ಬಳಿದು ತೆಗೆಯಿರಿ. ಬೂದಿ ದಿನಾ ತೆಗೆಯಿರಿ. ಹಸಿ ಸೌದೆ ಮಾತ್ರ ಬೇಡವೇ ಬೇಡ.