ಬೆನ್ನು ಹತ್ತಿದ ಇಂಗ್ಲಿಷ್

ಹುಬ್ಬಳ್ಳಿಯ ಗೋಕುಲ ರೋಡಿನ ಸಣ್ಣ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯೋದು ನನ್ನ ಕೆಲಸ. ಹೋದ ತಿಂಗಳು ಇಂಗ್ಲೆಂಡಿನ ಗಿರಾಕಿಗೆ ಒಂದು ಕಾಗದ ಕಳಿಸೋದು ತಡವಾಯಿತು. 'ಐ ಆಮ್ ಚೇಸಿಂಗ್ ಯು' ಅಂತ ಮೇಲ್ ಬಂತು. ಪಕ್ಕದ ಹೊಸ ಹುಡುಗ ಓದಿ ಗಾಬರಿಯಾದ. "ಅಕ್ಕಾರ, ಇವರು ನಿಮ್ಮ ಬೆನ್ನ ಹತ್ಯಾರಲ್ರೀ!"

ಅಲ್ಲಿಯವರಿಗೆ ಅದು ಸಾದಾ ಮಾತು, ಸುಮ್ನೆ ನೆನಪು ಮಾಡಿದ್ದಾರೆ ಅಂದೆ. ಆದರೆ ಅವನು ಹೇಳಿದ್ದೂ ಸರಿನೇ ಅಲ್ವಾ? ಬಾಕಿ ವಸೂಲಿಗೆ ನಾವೂ ಬೆನ್ನು ಹತ್ತುವವರೇ.

ಆವತ್ತಿನಿಂದ ಈ ಬೇಟೆಯ ಪದಗಳು ನನ್ನ ಬೆನ್ನು ಹತ್ತಿವೆ. ಚೇಸ್ ಮತ್ತು ಕ್ಯಾಚ್ ಒಂದೇ ಬಳ್ಳಿಯ ಕಾಯಿಗಳು. ಎರಡೂ ಲ್ಯಾಟಿನ್ನಿನಲ್ಲಿ ಹುಟ್ಟಿ ಹಳೆಯ ಫ್ರೆಂಚ್ ಹಾದು ಬಂದವು. ಫ್ರಾನ್ಸಿನ ಉತ್ತರದ ಮಂದಿ ಅಂದ ರೀತಿ ಇಂಗ್ಲಿಷಿಗೆ ಬಂದು ಕ್ಯಾಚ್ ಆಯಿತು, ಒಳನಾಡಿನವರು ಅಂದದ್ದು ಚೇಸ್ ಆಯಿತು. ಮೊದಲು ಓಡು, ಆಮೇಲೆ ಹಿಡಿ. ಕ್ರಿಕೆಟ್ಟಿನಲ್ಲಿ ಮಾತ್ರ ಈ ಅಣ್ಣತಮ್ಮಂದಿರು ವೈರಿಗಳು. 2006ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಆಸ್ಟ್ರೇಲಿಯಾದ 434 ರನ್ನನ್ನು ದಕ್ಷಿಣ ಆಫ್ರಿಕಾ ಚೇಸ್ ಮಾಡಿ ಗೆದ್ದಿತು. ಚೇಸ್ ಮಾಡುವವರಿಗೆ ಕ್ಯಾಚ್ ಅಂದರೆ ಎದೆ ಧಸಕ್ ಅನ್ನುತ್ತದೆ.

ಪರ್ಚೇಸ್ ಕೂಡ ಅದೇ ಮನೆತನದ್ದು ಅಂತ ತಿಳಿದಾಗ ನಗು ಬಂತು. ನಾನು ದಿನಾ ವೋಚರಿನ ಮೇಲೆ ಬರೆಯೋ ಪದ! ಬೆನ್ನು ಹತ್ತಿ ಗಿಟ್ಟಿಸಿಕೊಳ್ಳೋದು ಅಂತ ಅದರ ಹಳೆಯ ಅರ್ಥ. ದೀಪಾವಳಿಗೆ ಮುಂಚೆ ದುರ್ಗದಬೈಲಿನ ಗದ್ದಲದಲ್ಲಿ ನಮ್ಮವ್ವ ಒಂದೇ ಬಣ್ಣದ ಸೀರೆಗೆ ಹನ್ನೊಂದು ಅಂಗಡಿ ಹತ್ತಿ ಇಳಿಯೋದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂಟ್ ಮಾಡೋದು ಇನ್ನೂ ಮಜಾ. ಇಂಗ್ಲಿಷಿನಲ್ಲಿ ಮನೆಯನ್ನೂ ಬೇಟೆಯಾಡಬಹುದು, ಕೆಲಸವನ್ನೂ ಬೇಟೆಯಾಡಬಹುದು. ನಾವು ಬರೀ ಹುಡುಕುತ್ತೇವೆ. ಆದರೆ ತಮ್ಮನಿಗೆ ಧಾರವಾಡದ ಸಪ್ತಾಪುರದಲ್ಲಿ, ಕೋಚಿಂಗ್ ಕ್ಲಾಸುಗಳ ನಡುವೆ, ಒಂದು ಬಾಡಿಗೆ ರೂಮು ಹುಡುಕೋಕೆ ಹೋದಾಗ ಮಾಲೀಕರು ಡಿಪಾಜಿಟ್ ಎಷ್ಟು ಅಂತ ಹೇಳಿದರು ನೋಡಿ, ಬೇಟೆ ಯಾರು ಅನ್ನೋದು ಆಗ ಗೊತ್ತಾಯಿತು.

ಸ್ಟಾಕ್ ಕಥೆ ಬೇರೆ. ಬೇಟೆಗಾರ ಮರೆಯಲ್ಲಿ ಸಪ್ಪಳ ಮಾಡದೆ ಹಿಂದೆ ಹೋಗೋದು ಅದು. ನಮ್ಮ ಕಾಕುನ ಮಗಳು "ಅವನ್ನ ಇನ್‌ಸ್ಟಾದಾಗ ಸ್ಟಾಕ್ ಮಾಡಾಕತ್ತೀನಿ" ಅಂದಳು. ಕಿರಾಣಿ ಅಂಗಡಿ ನಡೆಸೋ ಕಾಕು, "ಏನು ಸ್ಟಾಕ್ ಮಾಡೀಯವ್ವಾ, ಎಷ್ಟು ಚೀಲ?" ಅಂತ ಕೇಳಿದರು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಏನು ಮಾಡೋದು. ಕಾಲೇಜಿನ ಹುಡುಗರು ಇದನ್ನು ನಗುತ್ತಾ ಹೇಳೋದು ನನಗೆ ಅಷ್ಟು ಹಿಡಿಸೋಲ್ಲ. ಹೆಣ್ಣುಮಗಳು ಬೇಡ ಅಂದರೂ ಬಿಡದೆ ಹಿಂದೆ ಬೀಳೋದು 2013ರಿಂದ ನಮ್ಮ ಕಾನೂನಿನಲ್ಲಿ ಅಪರಾಧ, ಅದಕ್ಕಿರೋ ಹೆಸರೂ ಇದೇ ಪದದ್ದು.

ವರಿ ಕೂಡ ಈ ಗುಂಪಿಗೆ ಸೇರುತ್ತದೆ. ಮೊದಲು ಅದರ ಅರ್ಥ ಕತ್ತು ಹಿಸುಕೋದು, ಆಮೇಲೆ ನಾಯಿ ಕುರಿಯ ಗಂಟಲಿಗೆ ಬಾಯಿ ಹಾಕೋದು. ಕುರಿಗಳನ್ನು ಅಟ್ಟಾಡಿಸೋ ನಾಯಿಗೆ ಇಂಗ್ಲೆಂಡಿನಲ್ಲಿ ಇವತ್ತಿಗೂ ಅದೇ ಪದ. ನಾವಂತೂ ಮಾತಿಗೊಮ್ಮೆ 'ವರಿ ಮಾಡಬ್ಯಾಡ' ಅಂತೀವಿ.

ಇದನ್ನೆಲ್ಲಾ ಆ ಹುಡುಗನಿಗೆ ಚಹಾ ಕುಡಿಯುತ್ತಾ ಹೇಳಿದೆ. ಮರುದಿನ ಹಾವೇರಿಯ ಪಾರ್ಟಿಯೊಂದರ ಮೂರು ತಿಂಗಳ ಬಾಕಿ ತೋರಿಸಿ, ಸ್ವಲ್ಪ ಚೇಸ್ ಮಾಡಪ್ಪಾ ಅಂದೆ.

"ಫೋನಿನ್ಯಾಗೋ, ಬೈಕಿನ ಮ್ಯಾಲೋ?" ಅಂದ.